ಡೆಕ್ಕನ್ ಕಾಲೇಜಿನ ಸಹಪಾಠಿಗಳು

ಜಾತಿ, ಮನೆತನಗಳೇ ವಿದ್ಯಾರ್ಥಿಯ ಸ್ತ್ರೀದೃಷ್ಟಿಯನ್ನು ರೂಪಿಸುತ್ತವೆಂದು ನಾವು ಸುಲಭವಾಗಿ ನಂಬುತ್ತೇವೆ. ಪುಣೆಯ ಡೆಕ್ಕನ್ ಕಾಲೇಜಿನ ಚರಿತ್ರೆ ಆ ನಂಬಿಕೆಯನ್ನು ಕದಲಿಸುತ್ತದೆ. ತಿಲಕರೂ ಆಗರಕರರೂ ಹುಟ್ಟಿದ್ದು 1856ರಲ್ಲಿ. ಇಬ್ಬರೂ ಚಿತ್ಪಾವನರು, ಇಬ್ಬರೂ ಇಲ್ಲಿಯೇ ಕಲಿತವರು. 1881ರಲ್ಲಿ ಸ್ನೇಹಿತರೊಡಗೂಡಿ ‘ಕೇಸರಿ’ ಹೊರಡಿಸಿದರು. ಆದರೆ 1884ರಲ್ಲಿ ಪುಣೆಯಲ್ಲಿ ಹುಡುಗಿಯರ ಪ್ರೌಢಶಾಲೆ ತೆರೆದ ಬಳಿಕ ಅದರ ಪಠ್ಯಕ್ರಮವನ್ನು ತಿಲಕರು ವಿರೋಧಿಸಿದರು. ಹುಡುಗ ಹುಡುಗಿಯರಿಗೆ ಒಂದೇ ಶಿಕ್ಷಣ ಬೇಕೆಂದವರು ಆಗರಕರರು. ಆಗರಕರರದು ಕಡುಬಡತನದ ಬಾಲ್ಯವೆಂಬುದು ನಿಜ. ಆದರೆ ಬಡತನ ಎಷ್ಟೋ ಮಂದಿಯನ್ನು ಸಂಪ್ರದಾಯಕ್ಕೇ ಬಿಗಿದು ಕಟ್ಟಿದೆಯಲ್ಲ! ಮಿಲ್, ಸ್ಪೆನ್ಸರರ ವಿಚಾರವನ್ನು ಅವರು ಮನೆಯ ಹೊಸ್ತಿಲೊಳಗೂ ತಂದರು. ವ್ಯತ್ಯಾಸ ಅಲ್ಲಿದೆಯೆಂದು ನಮಗೆ ತೋರುತ್ತದೆ.

ಕೆಲ ವರ್ಷಗಳ ತರುವಾಯ ಅದೇ ಕಾಲೇಜಿಗೆ ಮೊದಲ ವಿದ್ಯಾರ್ಥಿನಿಯಾಗಿ ಕಾರ್ನೀಲಿಯಾ ಸೊರಾಬ್ಜಿ ಬಂದರು. ತಾಯಿ ಫ್ರಾನ್ಸಿನಾ ಪುಣೆಯಲ್ಲಿ ಶಾಲೆಗಳನ್ನು ನಡೆಸಿದವರು. ಓದು ತನ್ನ ಹಕ್ಕೆಂಬುದನ್ನು ಮಗಳು ಮನೆಯಲ್ಲೇ ಕಲಿತಿದ್ದಳು. ಸಹಪಾಠಿಗಳಲ್ಲಿ ಕೆಲವರು ತರಗತಿಯ ಬಾಗಿಲನ್ನು ಆಕೆಯ ಮುಖದೆದುರೇ ಮುಚ್ಚುತ್ತಿದ್ದರು. ಪದವಿ ಪರೀಕ್ಷೆಯಲ್ಲಿ ಆಕೆ ಮುಂದಿದ್ದರೂ, ಇಂಗ್ಲೆಂಡಿನ ಓದಿಗೆ ಸಲ್ಲಬೇಕಿದ್ದ ಸರಕಾರಿ ವಿದ್ಯಾರ್ಥಿವೇತನ ಹೆಣ್ಣೆಂಬ ಕಾರಣಕ್ಕೆ ಸಿಗಲಿಲ್ಲ. 1889ರಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ಹಿತೈಷಿಗಳ ಹಣದಿಂದ. ವೇತನ ನಿರಾಕರಿಸಿದವರು ಪುಣೆಯ ವಾಡೆಗಳಲ್ಲಿ ಬೆಳೆದವರಲ್ಲ, ಆಂಗ್ಲ ಆಡಳಿತಗಾರರು.