ಕಲ್ಲಿನ ಗೆರೆ, ತೆರೆಯ ಚುಕ್ಕೆ

ನಾಸಿಕದ ಪಾಂಡವಲೇಣಿಯ 3ನೆಯ ಗುಹೆಯಲ್ಲಿ ಗೌತಮೀ ಬಲಶ್ರೀಯ 2ನೆಯ ಶತಮಾನದ ಶಾಸನವಿದೆ. ಛತ್ರಪತಿ ಸಂಭಾಜಿನಗರದ ಬಳಿ, ಎಲ್ಲೋರದ 15ನೆಯ ಗುಹೆಯಲ್ಲಿ, ನಮ್ಮ ರಾಷ್ಟ್ರಕೂಟ ದಂತಿದುರ್ಗನ 8ನೆಯ ಶತಮಾನದ ಶಾಸನವಿದೆ. ಉಳಿಗೆ ಎರಡೇ ಗೊತ್ತು: ಕಡಿದ ಕಲ್ಲು, ಕಡಿಯದ ಕಲ್ಲು, ನಡುವೆ ಮಬ್ಬಿಲ್ಲ.

ಗಣಕದ ತೆರೆಯಲ್ಲಿಯೂ ಮೊದಮೊದಲು ಹಾಗೆಯೇ ಇತ್ತು. ಚುಕ್ಕೆ ಕರಿದು, ಇಲ್ಲವೆ ಬಿಳಿದು. ಬ್ರಾಹ್ಮಿಯ ನೇರ ಗೆರೆಗಳಿಗೆ ಈ ಚೌಕಮನೆಗಳು ಒಗ್ಗಬಹುದಿತ್ತು. ಅದರಿಂದಲೇ ಹುಟ್ಟಿ ದುಂಡಗೆ ಬೆಳೆದ ಕನ್ನಡದ ಬಾಗು ಮಾತ್ರ ಮೆಟ್ಟಿಲಾಯಿತು. ಅಂಚಿಗೆ ಬೂದುಬಣ್ಣ ತುಂಬಿದರೆ ಮೆಟ್ಟಿಲು ಮರೆಯಾದೀತು. ಆದರೆ ಸಣ್ಣಕ್ಷರದಲ್ಲಿ ಹೊಟ್ಟೆಯ ಸೀಳೂ ಮಸುಕಾಗಿ, 'ಧನ'ವು 'ದನ'ವಾದೀತು! ಮಬ್ಬಿಲ್ಲದ ಚೊಕ್ಕ ಅಕ್ಷರ ಬೇಕಾದರೆ, ನಮ್ಮ ಕಸೂತಿಯವರು ಎಳೆ ಎಣಿಸುವಂತೆ, ಆಯಾ ಅಳತೆಗೆ ಚುಕ್ಕೆ ಎಣಿಸಿಯೇ ಬಿಡಿಸಬೇಕು.

1991ರಲ್ಲಿ ಯೂನಿಕೋಡ್ ಕನ್ನಡಕ್ಕೆ ಸಂಕೇತ ಕೊಟ್ಟಿತು. ರೂಪವನ್ನು ಕಾಯುವ ಹೊಣೆ ಕನ್ನಡಿಗರಾದ ನಮ್ಮದು.