ಎತ್ತರದಿಂದ ಕಂಡ ಬಿಜಾಪುರ

ವಿಮಾನವಿಲ್ಲದ ಕಾಲದಲ್ಲಿ ನಗರವೊಂದನ್ನು ಮೇಲಿನಿಂದ ನೋಡಬೇಕಾದರೆ ಬೆಟ್ಟವನ್ನೋ ಗೋಪುರವನ್ನೋ ಏರಬೇಕಿತ್ತು. ಫ್ರಾನ್ಸಿನ ನಾಡಾರ್ 1858ರಲ್ಲಿ ಬಲೂನನ್ನೇರಿ ಪ್ಯಾರಿಸ್ ಬಳಿ ಛಾಯಾಚಿತ್ರ ತೆಗೆದನು. ಅದಕ್ಕೆ ಮೂರು ವರ್ಷ ಮೊದಲೇ ಬೊಂಬಾಯಿ ಸರಕಾರ ನೇಮಿಸಿದ ಸೇನಾಧಿಕಾರಿ ಥಾಮಸ್ ಬಿಗ್ಸ್ ಕ್ಯಾಮೆರಾದೊಂದಿಗೆ ಬಿಜಾಪುರಕ್ಕೆ ಬಂದಿದ್ದನು.

ಎತ್ತರಕ್ಕೆ ಆ ನಗರದಲ್ಲಿ ಕೊರತೆಯಿರಲಿಲ್ಲ. 1584ರ ಉಪಲಿ ಬುರುಜು ಸುಮಾರು 80 ಅಡಿ ಎತ್ತರದ್ದು. 1656ರ ಗೋಲ್ ಗುಂಬಜ್‌ನ ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಮಿನಾರುಗಳಿದ್ದು, ಒಳಗಿನ ಮೆಟ್ಟಿಲುಗಳು ಗುಮ್ಮಟದ ಬುಡದವರೆಗೆ ಒಯ್ಯುತ್ತವೆ. ಅಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಜಾಮಿಯಾ ಮಸೀದಿ, ಬಾರಾ ಕಮಾನ್, ಕೋಟೆಯಾಚೆ ಇಬ್ರಾಹಿಂ ರೋಜಾ ಒಂದೇ ನೋಟದಲ್ಲಿ ಸೇರುತ್ತವೆ. ನೆಲದಿಂದ ಬಿಡಿಬಿಡಿಯಾಗಿ ಕಂಡ ಕಟ್ಟಡಗಳು ಮೇಲಿನಿಂದ ಒಂದು ನಗರವಾಗಿ ತೋರುತ್ತವೆ.

ಆದರೆ ಹಳೆಯ ಛಾಯಾಚಿತ್ರದಲ್ಲಿ ಒಂದು ಕೊರತೆಯಿದೆ. ಅಂದಿನ ಕಾಗದದ ನೆಗೆಟಿವ್ ಮೇಲೆ ಬಿಂಬ ಮೂಡಲು ದೀರ್ಘ ಸಮಯ ಬೇಕಿತ್ತು. ಅಲುಗದ ಕಲ್ಲು ಸ್ಪಷ್ಟವಾಗಿ ಮೂಡಿತು. ನಡೆದು ಹೋದ ಮನುಷ್ಯ ಗುರುತಿಲ್ಲದೆ ಅಳಿದನು. ಹೀಗಾಗಿ ಜನ ಬದುಕಿದ್ದ ಊರೂ ಚಿತ್ರದಲ್ಲಿ ನಿರ್ಜನವಾಗಿ ಕಾಣುತ್ತದೆ. ಬ್ರಿಟಿಷ್ ಆಡಳಿತವೂ ಆ ಕಟ್ಟಡಗಳನ್ನು ಖಾಲಿ ಮನೆಗಳಂತೆಯೇ ಬಳಸಿತು. ಒಂದು ಮಸೀದಿ ಅಂಚೆ ಕಚೇರಿಯಾಯಿತು, ಇನ್ನೊಂದು ಪ್ರವಾಸಿ ಬಂಗಲೆಯಾಯಿತು. ಲಾರ್ಡ್ ಕರ್ಜನ್‌ನ ಕಾಲದಲ್ಲಷ್ಟೇ ಅವು ತೆರವಾದವು.

ಬಿಗ್ಸ್‌ನ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಬಂದವು. ಅದರ ಮುಖಪುಟದಲ್ಲಿ ಆಂಗ್ಲ ಅಧಿಕಾರಿಗಳ ಹೆಸರುಗಳಿವೆ. ನಕ್ಷೆ ಬರೆದ ನಮ್ಮವರಿಗೆ ಸಂದದ್ದು 'ದೇಶೀಯ ನಕ್ಷೆಗಾರರು' ಎಂಬ ಮಾತು ಮಾತ್ರ.

ಭೂಮಿಯಲ್ಲಿ ಸಂಚರಿಸಿ ಗತಿಸಿದವರ ಪರಿಣಾಮವನ್ನು ನೋಡಿರೆಂದು ಪವಿತ್ರ ಕುರ್‌ಆನ್ ಕರೆ ನೀಡುತ್ತದೆ. ನೋಡುವುದೆಂದರೆ ಗುಮ್ಮಟಗಳನ್ನು ಎಣಿಸುವುದಲ್ಲ. ಅವುಗಳಡಿಯಲ್ಲಿ ಬಾಳಿದವರನ್ನು ಅರಿಯುವುದು. ಹರದನಹಳ್ಳಿ, ಹೊಳೆನರಸೀಪುರ, ಅರಕಲಗೂಡಿನಂತಹ ನಮ್ಮ ಊರುಗಳಲ್ಲಿಯೂ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ಬಂದಾಗ ಜಮಾಅತಿನ ಹಿರಿಯರು ಇದನ್ನು ನೆನೆಯಬೇಕು. ಮೊದಲು ಎದುರಿನ ಮಾಳಿಗೆಯನ್ನೇರಿ ಒಂದು ಚಿತ್ರ ತೆಗೆಯಲಿ. ಅದರ ಹಿಂದೆ ಬಾವಿ ತೋಡಿದವರ, ಗೋಡೆ ಕಟ್ಟಿದವರ, ಅಝಾನ್ ಕೊಟ್ಟವರ ಹೆಸರುಗಳನ್ನು ಬರೆದಿಡಲಿ. ಕ್ಯಾಮೆರಾ ಕಲ್ಲನ್ನು ಉಳಿಸಬಲ್ಲದು. ಹೆಸರುಗಳನ್ನು ನಾವೇ ಉಳಿಸಬೇಕು.