ಚೆಂಡಿಗಿಲ್ಲದ ಮೈಲಿಗೆ ಬಟ್ಟಲಿಗೆ

ಆಟ ಜಾತಿಯನ್ನ ಮರೆಸುತ್ತೆ ಅಂತ ಹೇಳ್ತಾ ಬಂದಿದ್ದಾರೆ. ಯಾರ ಜಾತಿಯನ್ನ, ಎಷ್ಟು ಹೊತ್ತು ಅಂತ ಕೇಳಬೇಕಾದವರು ನಾವು.

ಪಾಳವಣಕರ ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದಲ್ಲಿ, ಚಮ್ಮಾರರ ಮನೆಯಲ್ಲಿ. ಮೀಸೆ ಚಿಗುರುವ ವಯಸ್ಸಲ್ಲಿ ಪುಣೆಯ ಕ್ರಿಕೆಟ್ ಕ್ಲಬ್ಬಿನ ಆಳಾದ. ಮೊದಲು ಪಾರ್ಸಿಗಳಲ್ಲಿ, ಆಮೇಲೆ ಬಿಳಿಯರಲ್ಲಿ. ತಿಂಗಳಿಗೆ 3-4 ರೂಪಾಯಿ. ಅಂಗಳ ಗುಡಿಸುವುದು, ರೋಲರ್ ಎಳೆಯುವುದು, ದೊರೆಗಳ ಅಭ್ಯಾಸಕ್ಕೆ ಚೆಂಡು ಹಾಕುವುದು. ಬ್ಯಾಟು ಮಾತ್ರ ಅವನ ಕೈಗೆ ಕೊಡಲಿಲ್ಲ. ದೊರೆ ಹೊಡೆಯಬೇಕು, ಆಳು ಎಸೆಯಬೇಕು! ಎಸೆದೂ ಎಸೆದೂ ಅವನ ಎಡಗೈ ಪಳಗಿತು.

ಪುಣೆಯ ಹಿಂದೂಗಳಿಗೆ ಬಿಳಿಯರನ್ನು ಸೋಲಿಸಬೇಕಿತ್ತು. ಅದಕ್ಕೆ ಈ ಎಡಗೈ ಬೇಕಾಯ್ತು. ತಕರಾರು ಮಾಡಿಕೊಂಡೇ ತಂಡಕ್ಕೆ ಸೇರಿಸಿಕೊಂಡರು. ಅವನು ಮುಟ್ಟಿದ ಚೆಂಡನ್ನ ಬ್ರಾಹ್ಮಣರೂ ಮುಟ್ಟಿದರು. ಆದರೆ ಚಹದ ಹೊತ್ತಿಗೆ ಅವನು ಪೆವಿಲಿಯನ್ನಿನ ಹೊರಗೆ, ಕೈಯಲ್ಲಿ ಬಿಸಾಡುವ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ಮೇಜು.

1911ರ ಇಂಗ್ಲೆಂಡ್ ಪ್ರವಾಸದಲ್ಲಿ ಬಾಳೂ 114 ವಿಕೆಟ್ ಕಿತ್ತ. ಮುಂಬಯಿಯ ದಲಿತರು ಅವನನ್ನ ಸನ್ಮಾನಿಸಿದರು. ಕೇರಿಯ ಹುಡುಗರಿಗೆ ಇವನು ನಮ್ಮವನು ಅಂತ ತಲೆಯೆತ್ತಿ ಹೇಳೋಕೆ ಒಬ್ಬ ಸಿಕ್ಕಿದ್ದ. ಆದರೂ ತಂಡದ ನಾಯಕತ್ವ ಕೊಡಲಿಲ್ಲ. 1920ರಲ್ಲಿ ಅವನನ್ನೇ ಕೈಬಿಟ್ಟರು, ತಮ್ಮ ಶಿವರಾಮನ ಹಿರಿತನವನ್ನೂ ಕಡೆಗಣಿಸಿದರು. ಶಿವರಾಮ, ವಿಠ್ಠಲ ಇಬ್ಬರೂ ಆಡಲು ನಿರಾಕರಿಸಿ ಬಹಿರಂಗ ಹೇಳಿಕೆ ಕೊಟ್ಟರು. ಗದ್ದಲವಾದ ಮೇಲೆ ಬಾಳೂ ಉಪನಾಯಕನಾದ. 1923ರಲ್ಲಿ ವಿಠ್ಠಲ ನಾಯಕನೇ ಆದ, ತಂಡ ಗೆದ್ದಿತು. ವಿಕೆಟ್ಟುಗಳು ತಂದುಕೊಡದ ಮರ್ಯಾದೆಯನ್ನ ಪ್ರತಿಭಟನೆ ತಂದುಕೊಟ್ಟಿತು.

ಹಳೇ ಕತೆ ಅಂತೀರಾ? ಉತ್ತರಾಖಂಡದ ರೋಶನಾಬಾದ್ ಹಳ್ಳಿಯ ದಲಿತ ಹೆಣ್ಣುಮಗಳು ವಂದನಾ ಕಟಾರಿಯಾ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್ ಹಾಕಿಯಲ್ಲಿ ಹ್ಯಾಟ್ರಿಕ್ ಹೊಡೆದಳು. ಭಾರತದ ಯಾವ ಹೆಣ್ಣೂ ಒಲಿಂಪಿಕ್ಸಿನಲ್ಲಿ ಅದಕ್ಕೆ ಮೊದಲು ಹಾಗೆ ಹೊಡೆದಿರಲಿಲ್ಲ. ಸೆಮಿಫೈನಲ್ ಸೋತಾಗ, ಮನೆ ಮುಂದೆ ಪಟಾಕಿ ಹಚ್ಚಿ ಜಾತಿ ಹಿಡಿದು ಬೈದರು ಅಂತ ಮನೆಯವರು ಪೊಲೀಸರಿಗೆ ದೂರು ಕೊಡಬೇಕಾಯ್ತು. ಗೆದ್ದರೆ ದೇಶದ ಮಗಳು, ಸೋತರೆ ಕೇರಿಯ ಮಗಳು.

ಹಳ್ಳಿಯ ಮೇಷ್ಟ್ರುಗಳೇ, ಹದಿನಾಲ್ಕು ಹದಿನೈದರ ಮಕ್ಕಳಿಗೆ ತಂಡ ಅನ್ನೋದು ಎರಡನೇ ಮನೆ. ಕಬಡ್ಡಿಯಲ್ಲಿ ಕಾಲು ಹಿಡಿದೆಳೆಯುವಾಗ ಯಾರೂ ಜಾತಿ ಕೇಳೋದಿಲ್ಲ, ನಿಜ. ಆಟ ಮುಗಿದ ಮೇಲೆ ನೋಡಿ. ನೀರಿನ ಕೊಡದ ಹತ್ತಿರ ಲೋಟ ಎತ್ತುವವರು ಯಾರು, ಬೊಗಸೆ ಒಡ್ಡುವವರು ಯಾರು? ನಾಯಕ ಯಾವ ಬೀದಿಯವನು? ಅಂಗಳ ಗುಡಿಸೋಕೆ ಯಾರನ್ನ ಕರೀತೀರಿ? ಎಲ್ಲರಿಗೂ ಒಂದೇ ಲೋಟ ಇಡಿ. ನಾಯಕತ್ವವನ್ನ ಸರದಿಗೆ ಹಾಕಿ, ಪೊರಕೆಯನ್ನೂ ಹಾಕಿ. ಬಾಳೂನ ಕತೆ ಮಕ್ಕಳಿಗೆ ಹೇಳಿ. ಆ ಮಣ್ಣಿನ ಕುಡಿಕೆಯನ್ನ ಮಾತ್ರ ಬಿಟ್ಟು ಹೇಳಬೇಡಿ.